ಬಾಣಂತಿ ಕೋಣೆಗೆ ಬಂದ ಕೂಲರ್

ಮಗು ಹುಟ್ಟಿ ಹನ್ನೆರಡು ದಿನವಾಗಿತ್ತು. ಅಷ್ಟು ದಿನವೂ ಪ್ರಿಯಾ ನೆಟ್ಟಗೆ ಒಂದು ಗಂಟೆ ನಿದ್ದೆ ಮಾಡಿರಲಿಲ್ಲ. ಅದಕ್ಕೆ ಮಗುವನ್ನು ದೂರುವಂತಿರಲಿಲ್ಲ. ದೂರಬೇಕಾದದ್ದು ಕೋಣೆಯನ್ನು.

ಬಾಣಂತನ ತವರಲ್ಲೇ ಆಗಬೇಕಿತ್ತು. ಆದರೆ ಕೆ.ಆರ್. ಪುರದ ತವರುಮನೆಯ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು. ಹಾಗಾಗಿ ಪ್ರಿಯಾಳ ತಾಯಿ ಅಂಜಿನಮ್ಮ ಸಾಂಬ್ರಾಣಿ ಡಬ್ಬಿಯ ಸಮೇತ ಕಮ್ಮನಹಳ್ಳಿಯ ಅಳಿಯನ ಮನೆಗೇ ಬಂದಿಳಿದರು. ಬಂದವರೇ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿದರು. ಮಗಳ ತಲೆಗೆ ಉಲ್ಲನ್ ಸ್ಕಾರ್ಫು, ಕಿವಿಗೆ ಹತ್ತಿ. ಮಗುವಿನ ಒದ್ದೆ ಬಟ್ಟೆಗಳೂ ಕೋಣೆಯೊಳಗೇ ಹಗ್ಗದ ಮೇಲೆ ಒಣಗಬೇಕು. ತಾರಸಿಗೆ ನೇರ ಬಡಿಯುವ ಏಪ್ರಿಲ್ ಬಿಸಿಲು ಬಿಟ್ಟಿಯಾಗಿ ಸೇರಿಕೊಂಡಿತ್ತು.

ಅಳಿಯ ಪ್ರೇಮ್‌ಕುಮಾರ್ ತಡೆಯಲಾರದೆ ಪುಟ್ಟ ಮೀಟರೊಂದನ್ನು ತಂದು ಗೋಡೆಗೆ ನೇತುಹಾಕಿದ. ಅದು ಕೋಣೆಯ ಶಾಖವನ್ನೂ ಗಾಳಿಯಲ್ಲಿರುವ ತೇವವನ್ನೂ ತೋರಿಸುತ್ತಿತ್ತು.

"ನೋಡಿ ಅತ್ತೆ, ಶಾಖ ಮೂವತ್ಮೂರು, ತೇವ ಎಪ್ಪತ್ತೆಂಟು. ಬೆವರು ಆರೋದೇ ಇಲ್ಲ. ಹಿಂಗಿದ್ರೆ ಯಾರಿಗೆ ನಿದ್ದೆ ಬರತ್ತೆ? ಡಾಕ್ಟ್ರೂ ಗಾಳಿ ಆಡ್ಬೇಕು ಅಂದ್ರಲ್ಲ."

"ನಾನು ಮೂರು ಹೆತ್ತಿದೀನಿ ಅಳಿಯಂದ್ರೇ. ಯಾವ ಮೀಟ್ರು ನೋಡ್ಕೊಂಡು ಹೆತ್ತೆ? ಈಗ ಗಾಳಿ ಬಡೀತು ಅಂದ್ರೆ ವಯಸ್ಸಾದ್ಮೇಲೆ ಸೊಂಟ ಹಿಡಿಯತ್ತೆ. ಆಗ ನಿಮ್ಮ ಡಾಕ್ಟ್ರು ಬಂದು ಎಣ್ಣೆ ತಿಕ್ತಾರಾ?"

ಪ್ರಿಯಾ ಸ್ಕಾರ್ಫಿನೊಳಗಿಂದ ಗಂಡನನ್ನು ಒಮ್ಮೆ ನೋಡಿದಳು, ಅಷ್ಟೇ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಶನಿವಾರ ಅಂಜಿನಮ್ಮ ನಾಟಿ ಬೆಳ್ಳುಳ್ಳಿ ತರಲು ಶಿವಾಜಿನಗರಕ್ಕೆ ಹೊರಟರು. ಅವರ ಆಟೋ ತಿರುವು ದಾಟುವುದರೊಳಗೆ ಪ್ರೇಮ್‌ಕುಮಾರ್ ಕೆಳಮನೆಯ ಶೌಕತ್‌ನ ಬಾಗಿಲಲ್ಲಿದ್ದ.

"ಶೌಕತ್ ಭಾಯ್, ನಿಮ್ಮ ಹಳೇ ಕೂಲರ್ ಬೇಕು. ಅರ್ಜೆಂಟ್."

"ಅರೆ, ಎರಡು ವರ್ಷದಿಂದ ತಾರಸಿ ಮೇಲೆ ಬಿದ್ದೈತೆ. ಧೂಳು ಮುಕ್ಕಾಲು ಕೇಜಿ ಇರತ್ತೆ, ನೋಡಿ!"

ಮುಕ್ಕಾಲಲ್ಲ, ಒಂದೂವರೆ ಕೇಜಿ ಇತ್ತು. ಒರೆಸುವಾಗಲೇ ಪ್ರೇಮ್‌ಕುಮಾರನ ಮೂಗು ಕಡಿಯತೊಡಗಿತು. ಇಬ್ಬರೂ ಹೊತ್ತು ತಂದು, ನೀರು ತುಂಬಿ, ಎದುರುಮನೆಯವರ ಕಣ್ಣಿಗೆ ಬೀಳಬಾರದೆಂದು ಕಿಟಕಿ ತೆಗೆಯದೆ ಸ್ವಿಚ್ ಒತ್ತಿದರು. ಕೂಲರ್ ಲಾರಿಯಂತೆ ಗುಡುಗಿತು. ಕಾಲು ಗಂಟೆಯಲ್ಲಿ ಮೀಟರಿನ ತೇವ ತೊಂಬತ್ತನಾಲ್ಕಕ್ಕೇರಿತು.

"ರೀ, ಇಡ್ಲಿ ಪಾತ್ರೇಲಿ ಮಲಗಿದಂಗಿದೆ," ಎಂದು ಪ್ರಿಯಾ ನರಳಿದಳು.

"ಕೂಲರ್ ಇಟ್ರೆ ಕಿಟಕಿ ತೆಗೀಬೇಕು ಭಾಯ್," ಎಂದ ಶೌಕತ್. "ಒದ್ದೆ ಗಾಳಿ ಆಚೆ ಹೋಗ್ಬೇಕಲ್ಲ!"

ಬೇರೆ ದಾರಿಯಿರಲಿಲ್ಲ. ಪ್ರೇಮ್‌ಕುಮಾರ್ ಸಂದಿಗಳ ಬಟ್ಟೆ ಕಿತ್ತು, ಕಿಟಕಿ ತೆಗೆದ. ಗಾಳಿ ಹರಿದಾಡಿತು. ಇಪ್ಪತ್ತೆಂಟು ಡಿಗ್ರಿ! ಮಗು ಕೈಕಾಲು ಸಡಿಲಬಿಟ್ಟು ಮಲಗಿತು. ಪ್ರಿಯಾ ಸ್ಕಾರ್ಫು ತೆಗೆದಿಟ್ಟು ಕಣ್ಣು ಮುಚ್ಚಿದಳು. ಹೆಂಡತಿಯ ಹಣೆ ಒಣಗುವುದನ್ನು ಅವನು ನಿಂತು ನೋಡಿದ. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಎದುರುಮನೆ ಅಯ್ಯಮ್ಮನ ದನಿ ಕೇಳಿತು. "ಅಂಜಿನಮ್ಮಾ, ಈಗ ಬಂದ್ಯಾ? ಬಾಣಂತಿ ಕೋಣೆ ಕಿಟಕಿ ತೆಗೆದು ಹಾಕವ್ರೆ, ಹೋಗಿ ನೋಡು!"

ಇಬ್ಬರು ಗಂಡಸರೂ ಕೂಲರನ್ನು ಅವಚಿಕೊಂಡು ಹಿಂದಿನ ಮೆಟ್ಟಿಲಿಗೆ ಓಡಿದರು. ಅರ್ಧ ತೊಟ್ಟಿ ನೀರು ಪ್ರೇಮ್‌ಕುಮಾರನ ಅಂಗಿಯ ಮೇಲೆ, ಉಳಿದ ಧೂಳೆಲ್ಲ ಮೂಗಿನಲ್ಲಿ. ಶೌಕತ್ ಕೂಲರ್ ಸಮೇತ ಮಾಯವಾದ. ಪ್ರೇಮ್‌ಕುಮಾರ್ ಒಳಗೆ ಬರುವುದಕ್ಕೂ ಅತ್ತೆ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು.

"ಯಾರು ಕಿಟಕಿ ತೆಗ್ದಿದ್ದು?"

"ನಾನೇ ಅತ್ತೆ... ಆ... ಆಕ್ಷೀ!"

ಒಂದಲ್ಲ, ಸಾಲಾಗಿ ಏಳು ಸೀನು. ಕಣ್ಣು ಕೆಂಪು, ಮೂಗು ಸೋರುತ್ತಿತ್ತು, ಅಂಗಿ ಮೈಗೆ ಅಂಟಿತ್ತು. ಅಂಜಿನಮ್ಮನ ಸಿಟ್ಟು ಎಲ್ಲಿಗೆ ಹೋಯಿತೋ! ಬೆಳ್ಳುಳ್ಳಿ ಚೀಲ ಕೆಳಗೆ ಹಾಕಿ ಅಳಿಯನ ಹಣೆ ಮುಟ್ಟಿ ನೋಡಿದರು. ತಾಯಿ ತೀರಿಹೋದ ಮೇಲೆ ಯಾರೂ ಅವನ ಹಣೆಯನ್ನು ಹಾಗೆ ಮುಟ್ಟಿರಲಿಲ್ಲ.

"ನೋಡಿದ್ರಾ? ಒಂದು ಗಂಟೆ ಕಿಟಕಿ ತೆಗ್ದಿದ್ದಕ್ಕೆ ಇಂಥ ಗಂಡಸಿಗೇ ಹಿಂಗಾಯ್ತು. ಎಷ್ಟು ಬೆವರು, ಅಂಗಿಯೆಲ್ಲ ತೊಯ್ದೋಗಿದೆ. ಪ್ರಿಯಾ, ಏಳೇ! ಮಗೂನ ಎತ್ಕೊಂಡು ಹಾಲ್‌ಗೆ ನಡಿ. ಈ ಕೋಣೆಗೆ ಶೀತ ಹೊಕ್ಕಿದೆ."

ತಾಯಿ-ಮಗು ಇಬ್ಬರನ್ನೂ ಹಾಲ್‌ನಲ್ಲಿ ಮಲಗಿಸಿ, ಅಂಜಿನಮ್ಮ ಅಲ್ಲಿನ ಕಿಟಕಿಗಳನ್ನೆಲ್ಲ ತಾವೇ ತೆರೆದು, ಫ್ಯಾನನ್ನೂ ಹಾಕಿದರು. ಅಳಿಯಂದಿರ ಸೀನು ಮನೆಯಿಂದ ಆಚೆ ಹೋಗಬೇಕಲ್ಲ! ಆಮೇಲೆ ಕೋಣೆಯ ಕಿಟಕಿ ಮುಚ್ಚಿ, ಅಳಿಯನನ್ನು ಬಾಣಂತಿಯ ಮಂಚದ ಮೇಲೆ ಮಲಗಿಸಿ, ಉಲ್ಲನ್ ಸ್ಕಾರ್ಫು ಸುತ್ತಿ, ಕಿವಿಗೆ ಹತ್ತಿ ಇಟ್ಟು, ಸಾಂಬ್ರಾಣಿ ಹಾಕಿ, ಮೆಣಸಿನ ಸಾರು ಕುಡಿಸಿದರು.

ಇದು ಶೀತವಲ್ಲ ಅತ್ತೆ, ಕೂಲರಿನ ಧೂಳು ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವನು ಎದ್ದು ಆಚೆ ಬರಬಹುದಿತ್ತು. ಆದರೆ ಆಗ ಪ್ರಿಯಾ ಮತ್ತೆ ಒಳಗೆ ಬರಬೇಕಾಗುತ್ತಿತ್ತು. ಮೀಟರು ಮೂವತ್ತೈದು ತೋರಿಸುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡು ಬೆವೆತ.

ಸಂಜೆ ಬಾಗಿಲು ಚೂರೇ ತೆರೆಯಿತು. "ಹೆಂಗಿದೀರಿ ಅಳಿಯಂದ್ರೇ? ಸೀನು ನಿಂತಂಗಿದೆ. ವಾಸಿ ಆಗಿದ್ರೆ ಇವರಿಬ್ಬರನ್ನ ವಾಪಸ್ ಒಳಗೇ ಮಲಗಿಸ್ತೀನಿ."

ಆ ಸಂದಿಯಿಂದ ಫ್ಯಾನಿನ ಸದ್ದು ಬಂತು. ಅದರ ಕೆಳಗೆ, ಸಣ್ಣದಾಗಿ, ಪ್ರಿಯಾಳ ಗೊರಕೆ. ಎಂಥಾ ಸುಖದ ಗೊರಕೆ!

ಪ್ರೇಮ್‌ಕುಮಾರ್ ಉಸಿರೆಳೆದುಕೊಂಡು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ, ಬಾರದ ಸೀನೊಂದನ್ನು ಸೀನಿದ.

"ಅಯ್ಯೋ, ಎದೆಗೇ ಇಳಿದ್ಬಿಟ್ಟಿದೆ!" ಎಂದರು ಅಂಜಿನಮ್ಮ. "ಇದು ಒಂದು ದಿನಕ್ಕೆ ಹೋಗೋದಲ್ಲ ಬಿಡಿ. ಮಗೂಗೆ ಮೂರು ತಿಂಗಳು ತುಂಬೋವರೆಗೂ ನೀವು ಇಲ್ಲೇ ಮಲಗಿ."