ನಾಯಿಗೆ ಕಚ್ಚಲು ಕಲಿಸುವ ಉದ್ಯೋಗ

ನಾಯಿಗೆ ಪಾಠ ಹೇಳುವವನ ಮರ್ಯಾದೆ ಹೋಗಲು ಹೊತ್ತು ಗೊತ್ತು ಬೇಕಾಗಿಲ್ಲ, ನಾಯಿ ಬಾಲ ಅಲ್ಲಾಡಿಸಿದರೆ ಸಾಕು. ನನ್ನದು ವಾರಕ್ಕೊಮ್ಮೆಯಾದರೂ ಹೋಗುತ್ತಿತ್ತು.

ಮಿಲಿಟರಿಯ ನಾಯಿ ವಿಭಾಗದಲ್ಲಿದ್ದು ಅರವತ್ತರ ದಶಕದಲ್ಲಿ ಬಂಟ್ವಾಳಕ್ಕೆ ಮರಳಿದವನು ನಾನು. ಮಿಲಿಟರಿಯಲ್ಲಿ ನಾಯಿಗಳಿಗೆ ಒಂದು ಪಂದ್ಯವಿತ್ತು. ಒಬ್ಬ ಕೈಗೆ ದಪ್ಪ ಗೋಣಿ ಸುತ್ತಿಕೊಂಡು ಕಳ್ಳನಾಗಿ ಓಡಬೇಕು, ನಾಯಿ ಆ ಕೈಯನ್ನು ಕಚ್ಚಿ ಹಿಡಿದು ನಿಲ್ಲಿಸಬೇಕು. ಅಲ್ಲಿದ್ದದ್ದು ಕರುವಿನಷ್ಟೆತ್ತರದ ಅಲ್ಸೇಷಿಯನ್‌ಗಳು. ನಮ್ಮೂರಲ್ಲಿ ಅವಕ್ಕೆ ಎಲ್ಲಿಗೆ ಹೋಗುವುದು? ಸಿಕ್ಕಿದ ನಾಯಿಗೆಲ್ಲ ಅದನ್ನೇ ಕಲಿಸಲು ಹೊರಟೆ.

ಇದರ ನಡುವೆ ಬೆಳ್ತಂಗಡಿಯ ಹೆಡ್ಮಾಸ್ಟರೊಬ್ಬರ ಮಗಳನ್ನು ನೋಡಿ ಬಂದಿದ್ದೆ. ಹುಡುಗಿ ಒಪ್ಪಿದ್ದಳು, ನಾನಂತೂ ನೋಡಿದ ಕೂಡಲೇ ಒಪ್ಪಿದ್ದೆ. ಒಪ್ಪದವರು ಹೆಡ್ಮಾಸ್ಟರು. "ನಾಯಿಗೆ ಕಚ್ಚಲು ಕಲಿಸುವುದು ಒಂದು ಉದ್ಯೋಗವಾ? ಅದು ಹುಟ್ಟುವಾಗಲೇ ಕಲಿತು ಬರ್ತದೆ," ಎಂದರು. ಕಡೆಗೆ ಮಗಳ ಮುಖ ನೋಡಿ ಒಂದು ಷರತ್ತು ಹಾಕಿದರು. ನಾನು ಕಲಿಸಿದ ಒಂದೇ ಒಂದು ನಾಯಿ ನಾಲ್ಕು ಜನರೆದುರು ಕಳ್ಳನನ್ನು ಹಿಡಿದು ತೋರಿಸಿದರೆ ಮಾತ್ರ ಮದುವೆಯ ಮಾತು.

ಕಳ್ಳನಿಗೆ ಉಪಚಾರ

ಮೊದಲ ಶಿಷ್ಯ ವೇಣೂರಿನ ಯಜಮಾನರೊಬ್ಬರ ಮನೆಯ ಕೆಂಚು ನಾಯಿ, ಅಪ್ಪಟ ಊರ ತಳಿ. ಗೋಣಿ ಸುತ್ತಿದ ನನ್ನ ಕೈಯನ್ನು ಅದು ಎಷ್ಟು ಚೆನ್ನಾಗಿ ಹಿಡಿಯುತ್ತಿತ್ತೆಂದರೆ, ನಾನು ಹೆಡ್ಮಾಸ್ಟರಿಗೆ ಕಾಗದ ಬರೆಯಲು ಕೂತಿದ್ದೆ. ಆ ವಾರವೇ ಒಂದು ಮಧ್ಯಾಹ್ನ, ಮನೆಯವರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ನಿಜವಾದ ಕಳ್ಳ ಅಂಗಳಕ್ಕೆ ಬಂದ. ಯಜಮಾನರು ಕಿಟಕಿಯಿಂದ ಕಂಡರೂ ಸುಮ್ಮನಿದ್ದರಂತೆ, ನಾಯಿಯ ವಿದ್ಯೆ ನೋಡುವ ಎಂದು.

ನಾಯಿ ಎದ್ದು ಕಳ್ಳನನ್ನು ಮೇಲಿಂದ ಕೆಳಗೆ ನೋಡಿತು. ಕೈಯಲ್ಲಿ ಗೋಣಿ ಇಲ್ಲ. ಚಾವಡಿಗೆ ಓಡಿ, ನಾನು ಬಿಟ್ಟುಹೋಗಿದ್ದ ಗೋಣಿಯನ್ನು ಕಚ್ಚಿ ತಂದು ಅವನ ಕಾಲಬುಡದಲ್ಲಿಟ್ಟಿತು. ಸುತ್ತಿಕೊಳ್ಳಲಿ ಎಂದು ಬಾಲ ಅಲ್ಲಾಡಿಸುತ್ತಾ ಕಾದು ಕೂತಿತು.

ಕಳ್ಳ ಅದೇ ಗೋಣಿಯಲ್ಲಿ ತೆಂಗಿನಕಾಯಿ ತುಂಬಿಸಿಕೊಂಡು ಹೋದ.

ನಾಲ್ಕನೇ ಚಾ

ಎರಡನೆಯದು ಬಂಟ್ವಾಳ ಪೇಟೆಯ ಹೋಟೆಲಿನವರ ಪೊಮೆರೇನಿಯನ್, ಹತ್ತಿಯ ಉಂಡೆಯಂಥ ನಾಯಿ. ಗೋಣಿ ಕಚ್ಚಿದರೆ ಅದಕ್ಕೆ ಸೀನು ಬರುತ್ತಿತ್ತು. ಬಾಗಿಲಲ್ಲಿ ನಿಂತು ಅಪರಿಚಿತರನ್ನು ತಡೆಯುವುದನ್ನಾದರೂ ಕಲಿಸುವ ಎಂದುಕೊಂಡೆ. ಕಲಿಯಿತು. ಆದರೆ ಎಷ್ಟೆಂದರೂ ಹೋಟೆಲಿನ ನಾಯಿ. ಒಳಗೆ ಬಂದವರು ಗೋಳಿಬಜೆ ಹಾಕುತ್ತಾರೆ, ಹೊರಗೆ ಹೋದವರು ಏನೂ ಹಾಕುವುದಿಲ್ಲ ಎಂದು ಕಂಡುಕೊಂಡಿತು. ಬರುವವರನ್ನು ಬಿಟ್ಟು ಹೊರಡುವವರನ್ನು ತಡೆಯತೊಡಗಿತು.

ಒಂದು ದಿನ ನಾನು ಹೋದಾಗ ಮೂಲೆಯ ಮೇಜಿನಲ್ಲಿ ಹೆಡ್ಮಾಸ್ಟರು. ಮಂಗಳೂರಿಗೆ ಹೊರಟವರು ಚಾ ಕುಡಿಯಲೆಂದು ಒಳಗೆ ಬಂದು ಎರಡು ಬಸ್ಸು ತಪ್ಪಿಸಿಕೊಂಡಿದ್ದರು. ನಾಯಿಯ ಗುರು ಯಾರೆಂದು ಕೇಳಲೂ ಇಲ್ಲ, ಸುಮ್ಮನೆ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವತ್ತೇ ಇದನ್ನು ತಿದ್ದುತ್ತೇನೆ ಎಂದು ಹೋಟೆಲಿನವರಿಗೆ ಹೇಳಿದೆ. ಅವರು ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಹೋದರು.

"ತಿದ್ದುವುದು ಬೇಡ ಮಾರಾಯ. ಮಾಸ್ಟ್ರದ್ದು ಈಗ ನಾಲ್ಕನೇ ಚಾ."

ಮೂಡುಬಿದಿರೆಯ ಕುಳ್ಳ

ಇನ್ನು ಉಳಿದದ್ದು ಮೂಡುಬಿದಿರೆಯ ಡಾಕ್ಟರರ ಡ್ಯಾಶ್‌ಹಂಡ್. ಮೈ ಬೆಂಚಿನಂತೆ ಉದ್ದ, ಕಾಲು ಒಂದೇ ಗೇಣು, ಹಠ ಮಾತ್ರ ಆನೆಯದ್ದು. ಅಲ್ಲಿನ ಮೈದಾನದಲ್ಲಿ ಕೃಷಿ ಪ್ರದರ್ಶನವಾದಾಗ ಕೊನೆಗೆ ನಮ್ಮ ಆಟವನ್ನೂ ಇಟ್ಟರು. ಹೆಡ್ಮಾಸ್ಟರು ಬಂದರು, ಮಗಳೂ ಬಂದಳು. ಇದೂ ಕೆಟ್ಟರೆ ಆ ಮನೆಯ ಮೆಟ್ಟಿಲು ಮತ್ತೆ ಹತ್ತುವಂತಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಕಳ್ಳನಾಗಬೇಕಿದ್ದ ನನ್ನ ಗೆಳೆಯನಿಗೆ ಅಂದೇ ಜ್ವರ. ಬೇರೆ ಯಾರಾದರೂ ಬರುತ್ತೀರಾ ಎಂದು ಕೇಳಿದರೆ ಜನ ಹಿಂದೆ ಸರಿದರು. ಹೆಡ್ಮಾಸ್ಟರು ನಾಯಿಯ ಕಾಲು ನೋಡಿ ನಕ್ಕರು. ಇದರ ಬಣ್ಣ ಬಯಲಾಗಲಿ ಎಂದು ತಾವೇ ಎದ್ದು ಬಂದು ಕೈಗೆ ಗೋಣಿ ಸುತ್ತಿಸಿಕೊಂಡರು.

ಅಭ್ಯಾಸದಲ್ಲಿ ನನ್ನ ಗೆಳೆಯ ಬಗ್ಗಿಕೊಂಡು ಓಡುತ್ತಿದ್ದ. ಹೆಡ್ಮಾಸ್ಟರಿಗೆ ಬಗ್ಗಿ ಎನ್ನುವವರು ಯಾರು? ಅವರು ಕೈಯನ್ನು ಎದೆಯೆತ್ತರಕ್ಕೆ ಹಿಡಿದು ನೆಟ್ಟಗೆ ಓಡಿದರು. ನಾಯಿ ಹಾರಿತು, ಎಟುಕಲಿಲ್ಲ. ಇನ್ನೊಮ್ಮೆ ಹಾರಿತು, ಆಗಲೂ ಎಟುಕಲಿಲ್ಲ. ಜನ ನಗತೊಡಗಿದರು. ಮೂರನೇ ಸಲ ಅದು ಹಾರುವ ಗೋಜಿಗೇ ಹೋಗದೆ ತನ್ನ ಎತ್ತರಕ್ಕೆ ಸಿಕ್ಕಿದ್ದನ್ನು ಹಿಡಿಯಿತು. ಸಿಕ್ಕಿದ್ದು ಅವರು ಉಟ್ಟಿದ್ದ ಮುಂಡಿನ ಅಂಚು.

ಹೆಡ್ಮಾಸ್ಟರು ಎರಡು ಕೈಯಲ್ಲೂ ಸೊಂಟದ ಗಂಟು ಹಿಡಿದು ಕಂಬದ ಹಾಗೆ ನಿಂತುಬಿಟ್ಟರು. ಕಳ್ಳ ಇಷ್ಟು ಅಚ್ಚುಕಟ್ಟಾಗಿ ನಿಂತದ್ದನ್ನು ನಾನು ಮಿಲಿಟರಿಯಲ್ಲೂ ಕಂಡಿರಲಿಲ್ಲ. ಮೈದಾನವಿಡೀ ಚಪ್ಪಾಳೆ.

"ಬಿಡಲಿಕ್ಕೆ ಹೇಳು," ಎಂದರು, ತುಟಿ ಅಲ್ಲಾಡಿಸದೆ.

ಹೇಳಿದೆ. ನಾಯಿ ಕೇಳಲಿಲ್ಲ. ಇದ್ದದ್ದನ್ನು ಒಪ್ಪಿಕೊಂಡೆ. "ಕಚ್ಚುವುದು ಮಾತ್ರ ಕಲಿಸಿದ್ದು ಸಾರ್. ಬಿಡುವ ಪಾಠ ಇನ್ನು ಆಗಬೇಕಷ್ಟೆ."

ನಾನು ಬೇಕೆಂದೇ ಬಿಡಿಸುತ್ತಿಲ್ಲ ಎಂದು ಅವರು ತಿಳಿದರು. ಅಷ್ಟರಲ್ಲಿ ನಾಯಿ ಒಮ್ಮೆ ಜಗ್ಗಿತು, ಗಂಟು ಎರಡು ಬೆರಳು ಜಾರಿತು. ಅವರು ದನಿ ತಗ್ಗಿಸಿದರು.

"ಮಗಳನ್ನು ಕೊಡ್ತೇನೆ. ಈಗ ಬಿಡ್ತದಾ?"

ಡಾಕ್ಟರರು ಬಂದು ಬಿಸ್ಕೆಟು ತೋರಿಸಿದ ಮೇಲೆ ಬಿಟ್ಟಿತು. ಹೆಡ್ಮಾಸ್ಟರು ಆಡಿದ ಮಾತಿಗೆ ತಪ್ಪುವವರಲ್ಲ, ಮರು ತಿಂಗಳೇ ಮದುವೆಯಾಯಿತು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಡಾಕ್ಟರರು ಉಡುಗೊರೆಯ ಜೊತೆ ನಾಯಿಯನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ಧಾರೆ ಎರೆಯಲು ಮಂಟಪಕ್ಕೆ ಬಂದ ಮಾವ, ಹೊಸ ರೇಷ್ಮೆ ಮುಂಡಿನ ಮೇಲೆ ಶಾಲೆಯ ಡ್ರಿಲ್ ಮಾಸ್ಟರರ ಚರ್ಮದ ಬೆಲ್ಟು ಬಿಗಿದುಕೊಂಡಿದ್ದರು.