ಭಾವನ ಲಿಕ್ಟನ್‌ಸ್ಟೈನ್

ಸೋಲುವುದಕ್ಕೂ ಒಂದು ಯೋಗ್ಯತೆ ಬೇಕು ಅನ್ನುವುದು ನನಗೆ ಗೊತ್ತಾದದ್ದು ನನ್ನ ಭಾವನನ್ನು ನೋಡಿದ ಮೇಲೆ. ಗೆದ್ದವರು ಕುಣಿಯುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆದರೆ ತನ್ನ ತಂಡ ಎಂಟು ಗೋಲಿನಿಂದ ಸೋತ ಮೇಲೆ ಸೋಫಾದಿಂದ ಎದ್ದು ನಿಂತು, “ಒಂಬತ್ತನೇದು ಬಿಡ್ಲೇ ಇಲ್ಲ ನೋಡು!” ಎಂದು ಚಪ್ಪಾಳೆ ತಟ್ಟುವ ಮನುಷ್ಯನನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ? ಹಾಗಾದರೆ ಟೊರೊಂಟೊ ಪಕ್ಕದ ಮಾಲ್ಟನ್ನಿಗೆ ಬನ್ನಿ, ತೋರಿಸುತ್ತೇನೆ!

ಭಾವ ಅಂದರೆ ನನ್ನ ಗಂಡನ ಅಣ್ಣ. ಉಡುಪಿ ಕಡೆಯವರು, ಮನೆಮಾತು ತುಳು. ನಾನು ಮಂಡ್ಯದವಳಾದ್ದರಿಂದ ನನ್ನ ಹತ್ತಿರ ಮಾತ್ರ ದೊಡ್ಡ ಮನಸ್ಸು ಮಾಡಿ ಕನ್ನಡ ಮಾತಾಡುತ್ತಾರೆ. ವುಡ್‌ಬ್ರಿಡ್ಜಿನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಜೀವಮಾನದಲ್ಲಿ ಒಂದು ಸಲವೂ ಚೆಂಡಿಗೆ ಕಾಲು ತಾಗಿಸಿದವರಲ್ಲ. ಇಂಥವರು ಲಿಕ್ಟನ್‌ಸ್ಟೈನ್ ಎಂಬ ದೇಶದ ಫುಟ್‌ಬಾಲಿಗೆ ಪರಮಭಕ್ತರು. ಆ ಹೆಸರು ನಾಲಿಗೆಗೆ ಹತ್ತಲು ನನಗೆ ಎರಡು ಚಳಿಗಾಲ ಬೇಕಾಯಿತು! ಇಡೀ ದೇಶದ ಜನರನ್ನು ತಂದು ನಮ್ಮ ಮಾಲ್ಟನ್ನಿನಲ್ಲಿ ಕೂರಿಸಿದರೂ ಹೆಚ್ಚುಕಮ್ಮಿ ಹಿಡಿಸುತ್ತಾರಂತೆ.

ಭಾವನ ಮನೆ ವಿಮಾನ ಇಳಿಯುವ ದಾರಿಯಲ್ಲೇ ಇದೆ. ತಲೆಯ ಮೇಲೆ ವಿಮಾನ ಬಂತೆಂದರೆ ಆ ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಾರೆ. ಅದು ದಾಟಿದ ಕೂಡಲೇ ಭಾವ ಎಲ್ಲಿ ಬಿಟ್ಟಿದ್ದರೋ ಅದೇ ಅಕ್ಷರದಿಂದ ಮುಂದುವರಿಸುತ್ತಾರೆ. ಬೇರೆಯವರಾದರೆ ಅಷ್ಟರಲ್ಲಿ ವಿಷಯ ಮರೆಯುತ್ತಿದ್ದರು. ನಮ್ಮ ಪುಣ್ಯ ಅಷ್ಟಿಲ್ಲ.

“ಅಲ್ಲಿ ಇರುದೇ ಏಳು ಕ್ಲಬ್ಬು, ಗೊತ್ತುಂಟಾ? ಏಳು ಇಟ್ಕೊಂಡು ಎಂತ ಲೀಗ್ ಮಾಡುದು? ಹಾಗಾಗಿ ಎಲ್ಲರೂ ಪಕ್ಕದ ಸ್ವಿಟ್ಜರ್‌ಲೆಂಡಿನ ಲೀಗಲ್ಲಿ ಆಡುದು. ಆದ್ರೆ ಕಪ್ಪಿನ ಪಂದ್ಯ ಉಂಟಲ್ಲ, ಅದು ಮಾತ್ರ ಅವರದ್ದೇ ಸ್ವಂತ!”

“ಅಂದ್ರೆ ಭಾವ, ಊಟ ಪಕ್ಕದ ಮನೇಲಿ, ಕೈ ತೊಳ್ಯೋದು ಮಾತ್ರ ತಮ್ಮನೇಲಾ?”

“ನಿನಗೆ ಇತಿಹಾಸದ ಮೇಲೆ ಗೌರವ ಇಲ್ಲ ಮಾರಾಯ್ತಿ.”

ಜಗತ್ತಿನಲ್ಲಿ ಇಷ್ಟು ದೇಶಗಳಿರುವಾಗ ಇದೇ ಯಾಕೆ? ಕೇಳದವರಿಲ್ಲ. ಕೇಳಿದವರಿಗೆಲ್ಲ ಒಂದೊಂದು ಉತ್ತರ! ನನಗೆ, “ಬಾವುಟದ ಅಂಗಡಿಯಲ್ಲಿ ಅದೊಂದೇ ಉಳಿದಿತ್ತು” ಅಂದರು. ನನ್ನ ಗಂಡನಿಗೆ, “ಬಾವುಟದಲ್ಲಿ ಕಿರೀಟ ಉಂಟಲ್ಲ, ಯಕ್ಷಗಾನದ ನೆನಪಾಯ್ತು” ಅಂದರು. ದೇವಸ್ಥಾನದಲ್ಲಿ ಸಿಕ್ಕ ಪಂಜಾಬಿ ಮಹಿಳೆಯೊಬ್ಬರಿಗೆ ಹೆಂಡತಿಯ ಎದುರಿಗೇ, “ವೈಫ್ ಕೀ ಸೈಡ್ ಸೇ”, ಹೆಂಡತಿ ಕಡೆಯ ನಂಟು, ಎಂದುಬಿಟ್ಟರು! ಅಕ್ಕ, ಅಂದರೆ ನನ್ನ ಓರಗಿತ್ತಿ, ಕಣ್ಣು ಮುಚ್ಚಿಕೊಂಡು ತೀರ್ಥ ತೆಗೆದುಕೊಂಡರು. ಈ ಬೇಸಿಗೆಯಲ್ಲಿ ವಿಶ್ವಕಪ್ಪೇ ಟೊರೊಂಟೊಗೆ ಬಂದಾಗ ಊರಿನ ಕಾರುಗಳೆಲ್ಲ ಬಾವುಟ ಕಟ್ಟಿಕೊಂಡು ಮೆರೆದವಲ್ಲ, ಆಗಲೂ ಭಾವನ ವ್ಯಾನಿನ ಮೇಲೆ ಹಾರಾಡಿದ್ದು ವಿಶ್ವಕಪ್ಪಿನ ಹತ್ತಿರವೂ ಸುಳಿಯದ ಆ ದೇಶದ್ದೇ. “ಅದೆಲ್ಲ ದೊಡ್ಡವರ ಮನೆ ಮದುವೆ. ನಮಗೆ ಕಾಗದ ಬರ್ಲಿಲ್ಲ, ಆದ್ರೆ ನಾವು ಇದ್ದೇವೆ ಅಂತ ಗೊತ್ತಾಗ್ಬೇಕಲ್ಲ?” ಅಂದರು.

ಒಮ್ಮೆ ಪೋರ್ಚುಗಲ್ಲಿನಂಥ ಪೋರ್ಚುಗಲ್ಲು ಎರಡು ಗೋಲು ಹೊಡೆದು ಬೀಗುತ್ತಿದ್ದಾಗ ಈ ಪುಟ್ಟ ದೇಶ ಎರಡನ್ನು ತಿರುಗಿಸಿ ಹೊಡೆದು ಪಂದ್ಯ ಸಮ ಮಾಡಿತ್ತಂತೆ. ಗೆದ್ದದ್ದಲ್ಲ, ಸಮ! ಅದು ಭಾವನ ಪಾಲಿಗೆ ಮಹಾಹಬ್ಬ. ಪ್ರತಿ ಅಕ್ಟೋಬರಿನಲ್ಲಿ ಆ ದಿನ ಅಕ್ಕನಿಂದ ಮೈಸೂರುಪಾಕು ಮಾಡಿಸಿ ವೇರ್‌ಹೌಸಿನಲ್ಲಿ ಹಂಚುತ್ತಾರೆ. ಅಲ್ಲಿನ ಸೂಪರ್‌ವೈಸರ್ ಯಾವ ಕಡೆಯವರು ಅಂತೀರಿ? ಅಪ್ಪಟ ಪೋರ್ಚುಗೀಸ್ ಮನೆತನ! ತನ್ನ ದೇಶದ ಮಾನ ಹೋದ ದಿನದ ಸಿಹಿಯನ್ನು ಆತ ಮೂರು ಮೂರು ತುಂಡು ತಿಂದು, ಭಾವನ ಬೆನ್ನು ತಟ್ಟಿ, “ಹ್ಯಾಪಿ ದಿವಾಲಿ, ಬಡ್ಡಿ!” ಎನ್ನುತ್ತಾನೆ. ಭಾವ ಇವತ್ತಿನವರೆಗೂ ತಿದ್ದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಆರು ವರ್ಷದ ಕೆಳಗೆ ಭಾವ, ಈ ಸುತ್ತಿನ ನಮ್ಮ ಕರಾವಳಿ ಮನೆಗಳನ್ನೆಲ್ಲ ಸೇರಿಸಿ ಒಂದು ಫುಟ್‌ಬಾಲ್ ಮಹಾಮಂಡಳಿ ಕಟ್ಟಿಬಿಟ್ಟರು! ಅಲ್ಲಿ ಏಳು ಕ್ಲಬ್ಬಿದ್ದರೆ ಇಲ್ಲೂ ಏಳೇ ಆಗಬೇಕು. ಏಳು ಕ್ಲಬ್ಬಿಗೆ ಹನ್ನೊಂದರಂತೆ ಎಪ್ಪತ್ತೇಳು ಜನ. ಇದ್ದವರು ಮೂವತ್ತೇಳು. ಅದರಲ್ಲಿ ನಾಲ್ವರಿಗೆ ಮಂಡಿನೋವು, ಇಬ್ಬರು ಇನ್ನೂ ಸ್ಟ್ರಾಲರಿನಲ್ಲಿ ಮಲಗುವ ಕೂಸುಗಳು. ಕೊನೆಗೆ ಕ್ಲಬ್ಬಿಗೆ ಐದೇ ಜನ ಎಂದು ತೀರ್ಮಾನವಾಯಿತು. ನಾವಿರುವ ಜಾರ್ಜ್‌ಟೌನಿನ ಕ್ಲಬ್ಬು ಅಂದರೆ ನಾವು ಗಂಡ ಹೆಂಡತಿ ಮತ್ತು ಪಕ್ಕದ ಮನೆಯ ಮೂವರು.

ಪದಾಧಿಕಾರಿಗಳಿಗೆ ಮಾತ್ರ ಬರವಿರಲಿಲ್ಲ. ಅಧ್ಯಕ್ಷರು ಭಾವ. ಕಾರ್ಯದರ್ಶಿ ನಾನು. ನನ್ನ ಗಂಡ ರೆಫರಿ ಮತ್ತು ಶಿಸ್ತು ಸಮಿತಿಯ ಮುಖ್ಯಸ್ಥ. ಮೈಗೆ ತಾಗಿದ ಲೈಟುಕಂಬಕ್ಕೂ ‘ಸಾರಿ’ ಕೇಳುವ ಗಂಡಸು! ಒಮ್ಮೆ ಯಾರಿಗೋ ಹಳದಿ ಕಾರ್ಡು ತೋರಿಸಿ, ಮನಸ್ಸು ತಡೆಯದೆ ಅದೇ ವಾರ ಅವರನ್ನು ಮನೆಗೆ ಊಟಕ್ಕೆ ಕರೆದರು. ಆ ಊಟಕ್ಕೆ ಕೋಳಿಸಾರು ಮಾಡಿದವಳು ನಾನು. ತಪ್ಪು ಯಾರದ್ದು, ದಂಡ ಯಾರಿಗೆ?

ಕಪ್ಪು ಯಾವುದು ಎಂದಿರಾ? ಅಕ್ಕ ಇಡ್ಲಿ ಹಿಟ್ಟು ರುಬ್ಬಿಡುವ ದೊಡ್ಡ ಸ್ಟೀಲ್ ಪಾತ್ರೆ. ಮಹಾಮಂಡಳಿಯ ಸಂವಿಧಾನದಲ್ಲಿ ಅದಕ್ಕೊಂದು ಕಲಮೇ ಇದೆ: ಗೆದ್ದ ಕ್ಲಬ್ಬಿನವರು ಕಪ್ಪನ್ನು ಮುಂದಿನ ಶನಿವಾರದೊಳಗೆ ತೊಳೆದು ಹಿಂದಿರುಗಿಸತಕ್ಕದ್ದು. ಗೆಲ್ಲುವವರು ಪ್ರತಿವರ್ಷ ಒಬ್ಬರೇ. ಮಾಲ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿರುವ ಐದು ಜನ ಕಾಲೇಜು ಹುಡುಗರ ಕ್ಲಬ್ಬು. “ಹೀಗೆ ಒಬ್ರೇ ಗೆದ್ರೆ ಏನ್ ಮಜಾ ಭಾವ?” ಎಂದರೆ ಅವರ ಮುಖ ಊರಗಲ. “ಅಲ್ಲಿಯೂ ಕಪ್ಪು ಹೆಚ್ಚಾಗಿ ಒಂದೇ ಕ್ಲಬ್ಬಿಗೆ ಹೋಗುದು! ನಾವು ಸರಿಯಾದ ದಾರಿಯಲ್ಲಿಯೇ ಇದ್ದೇವೆ.”

ಭಾವನ ಕ್ಲಬ್ಬಿಗೆ ಅವರೇ ಗೋಲ್‌ಕೀಪರು. ಕಾಲಿಗೆ ಕೆಲಸವಿಲ್ಲ ನೋಡಿ! ಇನ್ನು ಮೂರು ಜನ ವೇರ್‌ಹೌಸಿನ ಗೆಳೆಯರು. ಐದನೇ ಹೆಸರು ಧನ್ಯಾ, ಅವರ ಮಗಳು. ಹದಿನೇಳು ವರ್ಷ. ಇಡೀ ಮಹಾಮಂಡಳಿಯಲ್ಲಿ ನಿಜವಾಗಿ ಫುಟ್‌ಬಾಲ್ ಬರುವುದು ಅವಳೊಬ್ಬಳಿಗೆ. ದೊಡ್ಡ ತಂಡವೊಂದರಲ್ಲಿ ಆಡುತ್ತಾಳೆ, ಗೆದ್ದ ಪದಕಗಳನ್ನು ಬಾಗಿಲ ಹಿಡಿಕೆಗೆ ನೇತುಹಾಕಿದ್ದಾಳೆ. ಆದರೆ ಅಪ್ಪನ ಕಪ್ಪಿಗೆ ಒಂದು ದಿನವೂ ಬಂದವಳಲ್ಲ.

ನಾನೇ ಒಮ್ಮೆ ಕೇಳಿದೆ, “ಒಂದ್ಸಲ ಬಂದು ಆಡಿದ್ರೆ ಏನ್ ಗಂಟು ಹೋಗುತ್ತೆ?”

“ಚಿಕ್ಕಮ್ಮ, ಇಟ್ಸ್ ಅ ಪಿಕ್‌ನಿಕ್. ವಿತ್ ಅ ಕಾನ್‌ಸ್ಟಿಟ್ಯೂಷನ್.”

ಆದರೂ ಪ್ರತಿವರ್ಷ ಭಾವ ಆಟಗಾರರ ಪಟ್ಟಿಯಲ್ಲಿ ಐದನೆಯದಾಗಿ ಅವಳ ಹೆಸರನ್ನು ದುಂಡಗೆ ಬರೆಯುತ್ತಾರೆ. ಪಂದ್ಯ ಶುರುವಾಗುವಾಗ ತಾವೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ‘ಗೈರು’ ಎಂದು ಬರೆದು ನಾಲ್ಕೇ ಜನರಿಂದ ಆಡುತ್ತಾರೆ. ಐದನೆಯ ಜಾಗಕ್ಕೆ ಬೇರೆ ಯಾರನ್ನೂ ಹಾಕಿಕೊಂಡವರಲ್ಲ. ಈ ಸಲವೂ ಬರೆದರು. ಸೆಪ್ಟೆಂಬರಿಗೆ ಅವಳು ಬೇರೆ ಪ್ರಾವಿನ್ಸಿನ ಯೂನಿವರ್ಸಿಟಿಗೆ ಹೋಗುವವಳು. ಮುಂದಿನ ವರ್ಷ ಬರೆಯಲು ಹೆಸರಿರುವುದಿಲ್ಲ. ಪಟ್ಟಿ ನನ್ನ ಕೈಗೆ ಕೊಡುವಾಗ ಭಾವ, “ಈ ಸಲ ಕೆಂಪು ಪೆನ್ನು ನೀನೇ ಇಟ್ಕೋ” ಅಂದರು. ನಾನು ಪೆನ್ನನ್ನು ಬ್ಯಾಗಿನ ತಳಕ್ಕೆ ತುರುಕಿದೆ.

ಆಗಸ್ಟಿನ ಲಾಂಗ್ ವೀಕೆಂಡಿನಲ್ಲಿ ಪಂದ್ಯ. ಧನ್ಯಾಳಿಗೆ ಅದೇ ಬೆಳಿಗ್ಗೆ ಅವಳ ತಂಡದ ಸೆಮಿಫೈನಲ್ಲು ಇತ್ತು. ಇಲ್ಲಿ ಮೊದಲ ಪಂದ್ಯವೇ ಭಾವನ ನಾಲ್ಕು ಜನಕ್ಕೂ ಬೇಸ್‌ಮೆಂಟಿನ ಐದು ಹುಡುಗರಿಗೂ. ನಾನು ಕೆಂಪು ಪೆನ್ನಿನಿಂದ ಅವಳ ಹೆಸರು ಹೊಡೆದೆ. ಅರ್ಧ ಆಟಕ್ಕೆ ಆರು–ಸೊನ್ನೆ! “ಏಳನೇದು ಬಿಡ್ಲಿಲ್ಲ!” ಎನ್ನುತ್ತಾ ಭಾವ ಕಿತ್ತಳೆ ತೊಳೆ ಚೀಪುತ್ತಿದ್ದರು. ಅಷ್ಟರಲ್ಲಿ ಯಾವುದೋ ಕಾರಿನಿಂದ ಧನ್ಯಾ ಇಳಿದಳು. ಮೊಣಕಾಲ ತನಕ ಕೆಸರು, ಕಣ್ಣು ಕೆಂಪು. ಅವಳ ತಂಡ ಸೋತಿತ್ತು. ಅದು ಆ ತಂಡದಲ್ಲಿ ಅವಳ ಕೊನೆಯ ಆಟ.

ಅವಳು ಯಾರ ಮುಖವನ್ನೂ ನೋಡದೆ ಬಂದು ಅಪ್ಪನ ಪಕ್ಕ ನಿಂತು ಶೂ ಲೇಸು ಬಿಗಿದುಕೊಂಡಳು. ಭಾವ ನನ್ನ ಕಡೆ ನೋಡಿದರು. ತಡವಾಗಿ ಬಂದವರನ್ನು ಆಡಿಸಕೂಡದು ಎಂಬ ಕಲಮು ಅವರೇ ಬರೆಸಿದ್ದು! ನಾನು ಶಿಸ್ತು ಸಮಿತಿಯ ಕಡೆ ನೋಡಿದೆ. ಶಿಸ್ತು ಸಮಿತಿ ಗಂಟಲು ಸರಿಪಡಿಸಿಕೊಂಡು, “ಸಾರಿ ಅಣ್ಣ, ನಿಯಮ ಗೊತ್ತುಂಟು, ಸಾರಿ... ಆದ್ರೆ ಅವಳು ಆಡ್ಲಿ” ಎಂದಿತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಗಂಡನನ್ನು ರೆಫರಿ ಎಂದು ಒಪ್ಪಿಕೊಂಡೆ. ಕೆಂಪು ಗೀಟಿನ ಕೆಳಗೆ ಅವಳ ಹೆಸರನ್ನು ಮತ್ತೆ ಬರೆದೆ.

ಕೊನೆಗೆ ಒಂಬತ್ತು–ಎರಡು. ಸೋತದ್ದು ಭಾವನ ಕ್ಲಬ್ಬೇ, ಅದರಲ್ಲೇನೂ ಅನುಮಾನ ಬೇಡ. ಆದರೆ ಆ ಎರಡನ್ನೂ ಹೊಡೆದದ್ದು ಅವಳು. “ಎರಡು ತಿರುಗಿಸಿ ಹೊಡೆದೆವು!” ಎಂದು ಭಾವ ಮೈದಾನದ ತುಂಬಾ ಓಡಿದರು. ಗೆದ್ದ ಹುಡುಗರು ಚೆಂಡು ಹಿಡಿದುಕೊಂಡು ಪೆಚ್ಚಾಗಿ ನೋಡುತ್ತಾ ನಿಂತರು.

ಸಂಜೆ ನನ್ನ ಗಂಡ ನಮ್ಮ ಕಾರಿನಲ್ಲಿ ಗೋಲುಕಂಬ ತುಂಬಿಕೊಂಡು ಹೋದರು. ನಾನು ಭಾವನ ವ್ಯಾನಿನಲ್ಲಿ ಹಿಂದೆ ಅಕ್ಕನ ಪಕ್ಕ ಕೂತೆ. ಮುಂದೆ ಭಾವ, ಧನ್ಯಾ. ಅವಳು ಕಿಟಕಿಗೆ ಹಣೆ ಒತ್ತಿಕೊಂಡಿದ್ದಳು. ಅಳುತ್ತಿದ್ದಳು ಅಂತ ಕಾಣುತ್ತದೆ. ಅಕ್ಕ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ಎಂಟು ವರ್ಷದವಳಿದ್ದಾಗಲೂ ಹೀಗೇ. ಆ ಬೇಸಿಗೆಯಲ್ಲಿ ಇವಳ ತಂಡ ಒಂದು ಆಟವೂ ಗೆಲ್ಲಲಿಲ್ಲ. ಪ್ರತಿ ಶನಿವಾರ ಮನೆಗೆ ಬರುವಾಗ ಗಾಡಿಯಲ್ಲಿ ಕಣ್ಣೀರು ಸುರಿಸಿ ಕೂಗುದೇ ಕೂಗುದು. ಇವರಿಗೋ ಫುಟ್‌ಬಾಲಿನ ಗಂಧಗಾಳಿ ಇಲ್ಲ. ಒಂದು ದಿನ ಪಾರ್ಕಿಂಗ್ ಲಾಟಲ್ಲಿ ಗಾಡಿ ನಿಲ್ಲಿಸಿಕೊಂಡೇ ಫೋನಲ್ಲಿ ಹುಡುಕಿದ್ರು, ಸೋತು ಸೋತೂ ಆಡುವ ದೇಶ ಯಾವುದುಂಟು ಅಂತ. ಮತ್ತೆ ಪ್ರತಿ ಶನಿವಾರ ಮನೆ ಬರುವವರೆಗೆ ಅದರದ್ದೇ ಕತೆ. ಅವಳು ಗೆಲ್ಲಲಿಕ್ಕೆ ಸುರು ಮಾಡಿದ ಮೇಲೆ ಕೇಳುದು ಬಿಟ್ಟಳು. ಇವರು ಹೇಳುದು ಬಿಡ್ಲಿಲ್ಲ.”

ಇಷ್ಟು ವರ್ಷ ಆ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದೆನಲ್ಲ, ಆ ಎಲ್ಲ ನಗುವೂ ಈಗ ನನ್ನ ಕಡೆಗೇ ತಿರುಗಿತು.

ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗ ಧನ್ಯಾ ಕಿಟಕಿಯಿಂದ ತಲೆ ಎತ್ತಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅಲ್ಲಿಂದಲೇ ತುಳುವಿನಲ್ಲಿ ಕೇಳಿದಳು.

“ಪಪ್ಪ, ಆ ದೇಸೊದ ಕತೆ ಪನ್ಲೆ.”

ಆ ದೇಶದ ಕತೆ ಹೇಳಿ ಎಂಬಷ್ಟು ತುಳು ನನಗೂ ಬರುತ್ತದೆ. ಭಾವ ಎರಡು ಸಲ ಕೆಮ್ಮಿದರು. “ಒಂದು ಸಣ್ಣ ದೇಶ ಉಂಟು” ಎಂದು ತುಳುವಿನಲ್ಲೇ ಶುರುಮಾಡುವಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ಎಲ್ಲರೂ ಸುಮ್ಮನಾದೆವು. ಅದು ದಾಟಿ ಹೋಯಿತು. ಭಾವ ಈ ಸಲ ಬಿಟ್ಟಲ್ಲಿಂದ ಹಿಡಿಯಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದರು.