ಹಲ್ಲಿನ ಅಳಿಯನ ಸನ್ಮಾನ

ಜಿಲಾನಿ ಸತ್ತನೆಂದು ಶಿವಶರಣಪ್ಪ ಮೂರು ದಿನ ಮನಸಾರೆ ಅತ್ತಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಅರುಣಕುಮಾರ ಬಂದು ಆಡಿದ ಒಂದು ಮಾತಿಗೆ ಅವನ ಕಣ್ಣೀರು ಕಾದ ಹಂಚಿನ ಮೇಲೆ ಬಿದ್ದ ಹನಿಯ ಹಾಗೆ ಚುರ್ ಎಂದು ಆರಿಹೋಯಿತು.

"ಸಂಜಿಗಿ ಶ್ರದ್ಧಾಂಜಲಿ ಸಭಾದಾಗ ಒಂದ್ ಸ್ಪೆಷಲ್ ಇಟ್ಟೇವಿ ಅಣ್ಣಾ. ಹಲ್ಲಿನ ಅಳಿಯನ್ನ ಹುಡುಕಿ ತಂದು, ಸ್ಟೇಜಿನ ಮ್ಯಾಲೆ ಸನ್ಮಾನ ಮಾಡೂದು."

ಶಿವಶರಣಪ್ಪ ಸುತ್ತುತ್ತಿದ್ದ ಮೈಕಿನ ವೈರು ಕೈಜಾರಿ ಬಿತ್ತು. ಟಿಕೋಟಾದಲ್ಲಿ ಮದುವೆಯಿರಲಿ, ಮಣ್ಣಿರಲಿ, ಪೆಂಡಾಲು ಮತ್ತು ಮೈಕ್ ಸೆಟ್ ಶಿವಶರಣಪ್ಪನದೇ. ಅರುಣಕುಮಾರನದು ಮೊಬೈಲ್ ಅಂಗಡಿ. ಜಿಲಾನಿ ಅಭಿಮಾನಿ ಬಳಗಕ್ಕೆ ಅವನೇ ಅಧ್ಯಕ್ಷ.

ಹೊನವಾಡದ ನಗೆ ಕಲಾವಿದ ಜಿಲಾನಿ ಮೈಕು ಹಿಡಿದು ನಿಂತರೆ ಮಂತ್ರಿಯನ್ನೂ ಬಿಡುತ್ತಿರಲಿಲ್ಲ, ಸ್ವಾಮಿಯನ್ನೂ ಬಿಡುತ್ತಿರಲಿಲ್ಲ, ಮುಲ್ಲಾನನ್ನೂ ಬಿಡುತ್ತಿರಲಿಲ್ಲ. ಸಾವನ್ನಂತೂ ಮನೆಯ ಆಳಿನಂತೆ ನಡೆಸಿಕೊಂಡಿದ್ದ. ತಾನು ಸತ್ತೆನೆಂದು ಎರಡು ಸಲ ತಾನೇ ಸುದ್ದಿ ಹಬ್ಬಿಸಿ, ಅತ್ತವರ ಹೆಸರನ್ನೆಲ್ಲ ಮುಂದಿನ ಕಾರ್ಯಕ್ರಮದಲ್ಲಿ ಹೇಳಿ ನಗಿಸಿದ್ದ. ಹೀಗಾಗಿ ಬಬಲೇಶ್ವರದಲ್ಲಿ ಕಾರ್ಯಕ್ರಮ ಮುಗಿಸಿ ಇಳಿಯುವಾಗ ನಿಜವಾಗಿ ಎದೆ ಹಿಡಿದುಕೊಂಡು ಬಿದ್ದರೂ ಜನ ಚಪ್ಪಾಳೆ ತಟ್ಟಿದ್ದರು. ಸುದ್ದಿ ಹರಡಿದ ಮೇಲೂ ಅಭಿಮಾನಿಗಳು ಅಳುವನ್ನು ಅರ್ಧ ದಿನ ಗಂಟಲಲ್ಲೇ ತಡೆದಿಟ್ಟುಕೊಂಡು ಕಾದರು. ಮಣ್ಣಿಗೆ ಹೋದವರಲ್ಲೂ ಕೆಲವರು, ಎದ್ದು ಕೂತರೆ ಇರಲಿ ಎಂದು ಮೊಬೈಲಿನ ಕ್ಯಾಮೆರಾ ಚಾಲೂ ಇಟ್ಟಿದ್ದರು.

ಅವನ ಕತೆಗಳಲ್ಲೆಲ್ಲ ಜಿಲ್ಲೆಗೇ ಬಾಯಿಪಾಠವಾದದ್ದು ಹಲ್ಲಿನ ಅಳಿಯನದು. ಜಿಲಾನಿ ಅದನ್ನು ಹೇಳುತ್ತಿದ್ದದ್ದು ಹೀಗೆ:

"ವಿಜಯಪುರ ಬಸ್‌ಸ್ಟ್ಯಾಂಡಿಗಿ ಬಬಲೇಶ್ವರದ ಬಸ್ ಬಂತ್ರಿ. ಸೀಟ್ ಹಿಡಿಯಾಕ ಕಿಡಕ್ಯಾಗ ಒಬ್ಬ ಟವೆಲ್ ಒಗದ, ಒಬ್ಬ ಚಪ್ಪಲ್ ಒಗದ, ಒಬ್ಬಾಕಿ ಕೂಸಿನ್ನ ಇಳಿಬಿಟ್ಲು. ನಮ್ಮ ಅಳಿಯಾನ ಕೈಯಾಗ ಏನೈತಿ? ರಿಪೇರಿ ಮಾಡಿಸಿ ಒಯ್ಯಾಕತ್ತಿದ್ದ ಅತ್ತಿ ಹಲ್ಲಿನ ಸೆಟ್ಟು. ಪೊಟ್ಟಣ ಬಿಚ್ಚಿದ, ಸೀಟಿನ ಮ್ಯಾಲೆ ಇಟ್ಟ. ಟವೆಲ್ ಇಟ್ರ ಎತ್ತಿ ಒಗೀತಾರ, ಹಲ್ಲು ನಕ್ಕೋತ ಕುಂತಿದ್ರ ಯಾ ಮಗ ಮುಟ್ಟತಾನ್ರಿ? ಅಂವ ಬಾಗಲಾ ತನಕ ಬರೂದ್ರಾಗ ಬಸ್ ಹೋತು. ಗದ್ದಲದ ಬಸ್ಸಿನ್ಯಾಗ ಅದೊಂದು ಸೀಟ್ ಬಬಲೇಶ್ವರ ತನಕ ಖಾಲಿ ಹೋತು. ಮನಿಗಿ ಬಂದು ಅತ್ತಿಗಿ ಏನ್ ಹೇಳಿದ? ಹಲ್ಲು ಬೆಕ್ಕು ಒಯ್ತು ಅಂದ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಈ ಕತೆಗೆ ಬೆವರುತ್ತಿದ್ದವನು ಶಿವಶರಣಪ್ಪ ಒಬ್ಬನೇ. ಏಕೆಂದರೆ ಆ ಅಳಿಯ ಅವನೇ.

ಏಳೆಂಟು ವರ್ಷದ ಹಿಂದೆ, ಬೋರ್ಡು ಓದದೆ, ಟಿಕೋಟಾದ್ದೆಂದು ತಿಳಿದು ಸಿಂದಗಿ ಬಸ್ಸಿನ ಸೀಟಿನ ಮೇಲೆ ಅತ್ತೆ ರುದ್ರವ್ವನ ಹಲ್ಲಿಟ್ಟವನು ಅವನು. ಬಸ್ಸಿನ ಹಿಂದೆ ಕೂಗುತ್ತ ಓಡುವಾಗ ಚಹಾದಂಗಡಿಯಲ್ಲಿ ನಿಂತ ಒಬ್ಬ ಕಡ್ಡಿಯಂಥ ಯುವಕ ನಗು ತಡೆಯಲಾರದೆ ಬಾಯಿಯ ಚಹಾ ಕಾರಂಜಿಯಂತೆ ಉಗುಳಿದ್ದ. ಮುಂದೆ ಜಿಲಾನಿ ಹೆಸರಾದಾಗ, ಓಹೋ ಇವನೇ ಅವನು ಎಂದು ಶಿವಶರಣಪ್ಪನಿಗೆ ಹೊಳೆಯಿತು. ಆದರೆ ಜಿಲಾನಿ ದೊಡ್ಡ ಮನುಷ್ಯ. ಸಿಂದಗಿ ಬಸ್ಸನ್ನು ಬಬಲೇಶ್ವರದ್ದು ಮಾಡಿ, ಶಿವಶರಣಪ್ಪ ಮನೆಯಲ್ಲಿ ಹೇಳಿದ್ದ ಮಂಗನನ್ನು ಬೆಕ್ಕು ಮಾಡಿ ಗುಟ್ಟು ಕಾಪಾಡಿದ್ದ. ಒಮ್ಮೆ ಅವನ ಕಾರ್ಯಕ್ರಮಕ್ಕೆ ಮೈಕು ಜೋಡಿಸುವಾಗ ಶಿವಶರಣಪ್ಪನತ್ತ ನೋಡಿ ಕಣ್ಣನ್ನೂ ಹೊಡೆದಿದ್ದ. ಆ ಕಣ್ಣೇಟನ್ನು ಶಿವಶರಣಪ್ಪ ಆಣೆಯೆಂದೇ ಎದೆಯಲ್ಲಿಟ್ಟುಕೊಂಡಿದ್ದ.

ಗುಟ್ಟು ಬಯಲಾದರೆ ಹೋಗುವುದು ಬರೀ ಮಾನವಲ್ಲ. ಹಲ್ಲನ್ನು ಗೋಳಗುಮ್ಮಟದ ಹತ್ತಿರ ಮಂಗ ಕಸಿದುಕೊಂಡು ಹೋಯಿತೆಂದು ಅವನು ಅಂದು ಹೇಳಿದ್ದನಲ್ಲ, ರುದ್ರವ್ವ ಅದನ್ನು ಕೈಮುಗಿದು ಕೇಳಿದ್ದಳು. ಹಣಮಪ್ಪ ತನ್ನ ಹಲ್ಲು ಬೇಡಿ ಒಯ್ದನೆಂದು ನಂಬಿ ಮತ್ತೆ ಹಲ್ಲು ಕಟ್ಟಿಸಲಿಲ್ಲ. ಅಂದಿನಿಂದ ಕಡಕ್ ರೊಟ್ಟಿ ಬಿಟ್ಟು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದುಕೊಂಡಿದ್ದಳು. ಶನಿವಾರ ಗುಡಿಯಲ್ಲಿ ಓಣಿಯ ಹೆಂಗಸರು ಅವಳ ಕಾಲು ಮುಟ್ಟುತ್ತಿದ್ದರು. ಹಲ್ಲಿಲ್ಲದ ಅವಳ ಮಾತು ಗಾಳಿಯಾಗಿ ಹೋಗುತ್ತಿದ್ದರಿಂದ ಅದು ತಿಳಿಯುತ್ತಿದ್ದದ್ದು ಅಳಿಯನೊಬ್ಬನಿಗೆ. "ಸೊಂಟ ನೋಯಾಕತ್ತೈತಿ, ಇವರಿಗೆಲ್ಲಾ ದೂರ ಸರಿ ಅನ್ನು" ಎಂದು ಅವಳು ಅಂದರೆ, "ನಿಮ್ಮ ಮಗಳಿಗಿ ಈ ವರ್ಷ ವರ ಸಿಗತೈತಿ ಅಂತ" ಎಂದು ಅವನು ತಿಳಿಸುತ್ತಿದ್ದ. ಒಡೆದ ಕಾಯಿಯ ದೊಡ್ಡ ಹೋಳು ಅವನಿಗೇ ಬರುತ್ತಿತ್ತು.

"ಯಾವನೋ ಏನೋ, ಎಲ್ಲಿಂದ ಹುಡಕತಿ ಬಿಡೋ ಮಾರಾಯಾ," ಎಂದ ಶಿವಶರಣಪ್ಪ, ವೈರು ಎತ್ತಿಕೊಳ್ಳುತ್ತ.

"ಹುಡುಕೂದೇನ್ ಬಂತು. ಇಬ್ರಾಹಿಂಪುರದ ಚಮನಸಾಬ ಸಿಕ್ಕಾರ. ರಿಟೈರ್ಡ್ ಕಂಡಕ್ಟರ್. ಅವರ ಬಸ್ಸಿನ್ಯಾಗನ ಹಲ್ಲು ಸಿಕ್ಕಿತ್ತಂತ, ಇಂದಿಲ್ಲ ನಾಳೆ ಯಾರರೆ ಕೇಳಾಕ ಬರ್ತಾರ ಅಂತ ಮನ್ಯಾಗ ಜೋಪಾನ ಇಟ್ಟಾರ. ತಮ್ಮದು ಸಿಂದಗಿ ಬಸ್ ಅಂತಾರ. ಇರಲಿ, ಕಲಾವಿದ ಅಂದಮ್ಯಾಲೆ ಊರ ಹೆಸರ ಒಂದಿಷ್ಟ ಆಚಿ ಈಚಿ ಮಾಡತಾನ. ಸಂಜಿಗಿ ಹಲ್ಲು ತಗೊಂಡು ಬರಾಕತ್ತಾರ. ಆ ಮನಷ್ಯಾನ ಮಾರಿ ಅಷ್ಟ ಅಲ್ಲ, ದನಿ ಸುದ್ದಾ ಗುರುತೈತಂತ."

ಶಿವಶರಣಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಅವನು ಟವೆಲನ್ನು ದವಡೆಯಿಂದ ನೆತ್ತಿಯವರೆಗೆ ಕಟ್ಟಿಕೊಂಡು, ಹಲ್ಲುನೋವೆಂದು ಕೈಸನ್ನೆ ಮಾಡಿ ತೋರಿಸುತ್ತ ಪೆಂಡಾಲು ಹಾಕುತ್ತಿದ್ದ. ಮುಖವೂ ಮುಚ್ಚಿತು, ಮಾತಾಡುವುದೂ ತಪ್ಪಿತು. ತನ್ನ ಬುದ್ಧಿಗೆ ತಾನೇ ಮೆಚ್ಚುವಷ್ಟರಲ್ಲಿ ಅತ್ತೆ ರುದ್ರವ್ವ ಊರುಗೋಲು ಊರುತ್ತ ಬಂದು ಮೊದಲನೆಯ ಸಾಲಿನ ಕುರ್ಚಿಯಲ್ಲಿ ಕೂತಳು. ಜಿಲಾನಿಯ ಆ ಕತೆಗೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳೇ.

"ಆ ಅಳಿಯಾನ ಮಾರಿ ಒಮ್ಮೆ ನೋಡಬೇಕೋ," ಎಂದಳು. ಉಳಿದವರಿಗೆ ಅದು ಊದುಗೊಳವೆಯ ಸದ್ದು, ಶಿವಶರಣಪ್ಪನಿಗೆ ಮಾತ್ರ ಅಚ್ಚಕನ್ನಡ. "ಅಂಥಾ ಬೇಕೂಫ ಯಾವ ಮನಿತನದಾಗ ಹುಟ್ಟ್ಯಾನೋ. ನನ್ನ ಪುಣ್ಯೇಕ ನೀ ಸಿಕ್ಕಿ ನೋಡು. ಹಲ್ಲು ಉಳಸಾಕ ಮಂಗ್ಯಾನ ಕೂಡ ಬಡದಾಡಿದಿ."

ಶಿವಶರಣಪ್ಪ ಟವೆಲನ್ನು ಇನ್ನೊಂದು ಸುತ್ತು ಬಿಗಿದ.

ಸಂಜೆ ಸಂತೆ ಬಯಲಿನ ಪೆಂಡಾಲು ತುಂಬಿತು. ಬಬಲೇಶ್ವರ, ಇಟ್ಟಂಗಿಹಾಳ, ವಿಜಯಪುರದಿಂದೆಲ್ಲ ಜನ ಬಂದಿದ್ದರು. ವೇದಿಕೆಯ ಮೇಲೆ ಜಿಲಾನಿಯ ದೊಡ್ಡ ಫೋಟೋ, ಅದಕ್ಕೆ ಮಲ್ಲಿಗೆಯ ಹಾರ. ಜಿಲಾನಿಯ ಹೆಂಡತಿ ಇದ್ದತ್ತಿನ ಶೋಕದ ದಿನ ಮುಗಿಯುವವರೆಗೆ ಮನೆ ಬಿಟ್ಟು ಬರುವಂತಿರಲಿಲ್ಲವಾದ್ದರಿಂದ, ಜಿಲಾನಿ ಹಾಕಿಕೊಳ್ಳುತ್ತಿದ್ದ ಕೆಂಪು ಚೌಕಡಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಅವನ ಅತ್ತೆ ರೋಶನಬಿ ಬಂದು ಕೂತಿದ್ದಳು. ಹೊನವಾಡದ ಆ ಮುದುಕಿ ಯಾರೊಂದಿಗೂ ಮಾತಾಡಲಿಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದಳು.

ಚಮನಸಾಬ ಬಂದರು. ಕಣ್ಣಿನ ಆಪರೇಶನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ವೇದಿಕೆ ಹತ್ತುವ ಮೊದಲು ಒಬ್ಬೊಬ್ಬರ ಮುಖಕ್ಕೂ ಮುಖ ತಂದು, ಟಿಕೆಟ್ ತಪ್ಪಿಸಿದವರನ್ನು ಹುಡುಕುವ ಹಾಗೆ ನೋಡುತ್ತ ಬಂದರು. ಶಿವಶರಣಪ್ಪನ ಮುಂದೆ ನಿಂತೇ ಬಿಟ್ಟರು.

"ಇವರಿಗೇನಾಗೈತಿ?"

"ಹಲ್ಲು ಬ್ಯಾನಿ ಅಂತ್ರಿ," ಎಂದ ಅರುಣಕುಮಾರ. "ಅಣ್ಣಾ, ಮೈಕ್ ಟೆಸ್ಟ್ ಮಾಡು, ಶುರು ಮಾಡೂಣು."

ಶಿವಶರಣಪ್ಪ ಮೈಕಿಗೆ ಬಾಯಿ ತಂದ. ಚಮನಸಾಬರು ಕಿವಿ ತಂದರು. ಅವನು ಬೆರಳಿನಿಂದ ಟಕ್ ಟಕ್ ಕುಟ್ಟಿ, ಉಫ್ ಎಂದು ಊದಿ, ಸರಿಯಿದೆ ಎಂದು ಹೆಬ್ಬೆರಳು ತೋರಿಸಿದ. ಚಮನಸಾಬರು ನಿಟ್ಟುಸಿರು ಬಿಟ್ಟು ಮೇಲೆ ಹತ್ತಿದರು. ಶಿವಶರಣಪ್ಪನ ಅಂಗಿ ಹಿಂಡಿದರೆ ಒಂದು ಚೊಂಬು ನೀರು ಬರುತ್ತಿತ್ತು.

ಭಾಷಣಗಳಾದವು. ಅತ್ತವರನ್ನು ಎಬ್ಬಿಸಿ ಹೊರಗೆ ಹಾಕಿ ಎಂದು ಜಿಲಾನಿಯೇ ಹೇಳಿಟ್ಟಿದ್ದರಿಂದ ಎಲ್ಲರೂ ನಗಿಸಲು ಹೋಗಿ ಅತ್ತರು. ಆಮೇಲೆ ಅರುಣಕುಮಾರ ಡಬ್ಬಿ ತೆರೆದು ಹಲ್ಲಿನ ಸೆಟ್ಟನ್ನು ಎತ್ತಿ ತೋರಿಸಿದ.

"ಈ ಹಲ್ಲಿನ ಅಳಿಯ ಇಲ್ಲೆ ಇದ್ರ ನಾಚಗೋಬ್ಯಾಡ್ರಿ. ನಮ್ಮ ಜಿಲಾನಿಗಿ ಇಂಥಾ ಕತಿ ಕೊಟ್ಟ ಪುಣ್ಯಾತ್ಮ ನೀವು. ಮ್ಯಾಲೆ ಬರ್ರಿ."

"ಅಂವ ನಾನ," ಎಂಬ ದನಿ ಬಂತು.

ಶಿವಶರಣಪ್ಪ ಬೆಚ್ಚಿ ತನ್ನ ಬಾಯಿ ಮುಟ್ಟಿ ನೋಡಿಕೊಂಡ. ಟವೆಲ್ ಭದ್ರವಾಗಿತ್ತು. ಎದ್ದು ನಿಂತವನು ಶಿವಲಿಂಗ. ಊರಲ್ಲಿ ಯಾರು ಸತ್ತರೂ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಸತ್ತವರಿಗಿಂತ ದೊಡ್ಡ ಫೋಟೋ ಹಾಕಿಸಿಕೊಳ್ಳುವ, ಮುಂದಿನ ಚುನಾವಣೆಗೆ ನಿಲ್ಲಲಿರುವ ಶಿವಲಿಂಗ.

"ಹೌದೇನ್ರಿ ಕಂಡಕ್ಟರ್ ಸಾಹೇಬ್ರ, ಇವರೇನು?" ಎಂದು ಅರುಣಕುಮಾರ ಕೇಳಿದ.

ಚಮನಸಾಬರು ಕಪ್ಪು ಕನ್ನಡಕದೊಳಗಿಂದ ಶಿವಲಿಂಗನ ಹೆಗಲ ಮೇಲಿನ ಶಾಲು ನೋಡಿದರು, ಹಿಂದೆ ನಿಂತ ಅವನ ಮಂದಿಯನ್ನು ನೋಡಿದರು. "ಇರಬಹುದ್ರಿ. ಭಾಳ ವರ್ಷ ಆತು," ಎಂದರು.

ಚಪ್ಪಾಳೆ ಬಿತ್ತು. ಶಿವಶರಣಪ್ಪ ಬದುಕಿದೆ ಎಂದುಕೊಂಡ. ಆ ಸಮಾಧಾನ ಒಂದು ಹಾರ ಹಾಕುವಷ್ಟು ಹೊತ್ತು ಇತ್ತು. ಅಭಿಮಾನಿಗಳು ಶಿವಲಿಂಗನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತರು. ಅರುಣಕುಮಾರ ರೋಶನಬಿಯ ತೊಡೆಯ ಮೇಲಿನ ಕೋಟು ತಂದು ಅವನಿಗೆ ತೊಡಿಸಿದ. ಶಿವಲಿಂಗ ಮೈಕು ಹಿಡಿದು, "ಜಿಲಾನಿ ನನಗ ಕಣ್ಣು ಹೊಡದು ಹೇಳಿದ್ದ, ದೋಸ್ತಾ, ನಿನ್ನ ಹೆಸರು ಮಾತ್ರ ಹೇಳೂದಿಲ್ಲ ಅಂತ," ಎಂದ.

ಕೋಟನ್ನು ಸಹಿಸಿಕೊಂಡಿದ್ದ ಶಿವಶರಣಪ್ಪನಿಗೆ ಕಣ್ಣು ಹೊಡೆದದ್ದನ್ನು ಸಹಿಸಲು ಆಗಲಿಲ್ಲ. ಅದು ಅವನ ಆಸ್ತಿ. ಸತ್ತವನು ಅವನೊಬ್ಬನಿಗೇ ಬಿಟ್ಟುಹೋದದ್ದು. ಮೆಟ್ಟಿಲು ಯಾವಾಗ ಹತ್ತಿದ, ಟವೆಲ್ ಯಾವಾಗ ಕಿತ್ತೆಸೆದ ಅವನಿಗೇ ತಿಳಿಯಲಿಲ್ಲ. ಮೈಕು ಅವನ ಕೈಯಲ್ಲಿತ್ತು.

"ಸುಳ್ಳು ಹೇಳತಾನಿಂವ. ಅಳಿಯ ನಾನು. ಜಿಲಾನಿ ಕಣ್ಣು ಹೊಡದದ್ದು ನನಗ. ಆ ಸೆಟ್ಟಿನ್ಯಾಗ ಮುಂದಿನ ಹಲ್ಲೊಂದು ಸೊಟ್ಟ ಐತಿ, ನೋಡ್ರಿ. ಅದನ್ನ ಉಜ್ಜಿಸಾಕಂತನ ಒಯ್ದಿದ್ದೆ. ನಾನ ಸಿಂದಗಿ ಬಸ್ಸಿನ್ಯಾಗ ಇಟ್ಟೆ, ನಾನ ಬಸ್ಸಿನ ಹಿಂದ ಓಡಿದೆ."

"ಇದ ದನಿ," ಎಂದು ಚಮನಸಾಬರು ಕುರ್ಚಿಯಿಂದ ಎದ್ದರು. "ಇದ ದನಿ ನೋಡ್ರಿ."

ಅರುಣಕುಮಾರ ಹಲ್ಲು ಹಿಡಿದುಕೊಂಡು ಮೊದಲ ಸಾಲಿಗೆ ಇಳಿದ. ರುದ್ರವ್ವ ಬಾಯಿ ತೆರೆದು ಅಳಿಯನನ್ನೇ ನೋಡುತ್ತ ಕೂತಿದ್ದಳು, ಹೀಗಾಗಿ ಹಲ್ಲು ಕೂಡಿಸುವುದು ಸುಲಭವಾಯಿತು. ಕಟಕ್ ಎಂದು ಕೂತಿತು. ಜನ ಎದ್ದು ನಿಂತು ಸಿಳ್ಳೆ ಹಾಕಿದರು. ಶಿವಲಿಂಗನ ಮೈಮೇಲಿನ ಕೋಟು ಬಿಚ್ಚಿ ಶಿವಶರಣಪ್ಪನಿಗೆ ತೊಡಿಸಿದರು. ಹಾರವೂ ಬಂತು. ಅವನು ಜಿಲಾನಿಯ ಫೋಟೋಕ್ಕೆ ಕೈಮುಗಿದು ಕಣ್ಣೊರೆಸಿಕೊಂಡ. ಮಾನ ಹೋದರೂ ಇದೊಂದು ಗೌರವ ಉಳಿಯಿತು ಎಂದುಕೊಂಡ.

ಆಗ ರೋಶನಬಿ ಎದ್ದು ಬಂದು ಅವನ ಕೋಟಿನ ಗುಂಡಿ ಬಿಚ್ಚತೊಡಗಿದಳು.

"ಬಿಚ್ಚಪಾ, ಸಾಕು. ಮೂರನೇದಾಂವ ಏಳೂದ್ರಾಗ ಹೇಳಿಬಿಡ್ತೇನಿ. ಆ ಅಳಿಯ ನೀನೂ ಅಲ್ಲ, ಅಂವನೂ ಅಲ್ಲ. ನನ್ನ ಅಳಿಯನ." ಅವಳು ಫೋಟೋದತ್ತ ಬೆರಳು ತೋರಿಸಿ, ಅದೇ ಬೆರಳಿನಿಂದ ತನ್ನ ಹಲ್ಲು ಕುಟ್ಟಿದಳು. "ಬಬಲೇಶ್ವರದ ಬಸ್ಸಿನ್ಯಾಗ ಹೋಗಿದ್ದು ಈ ನನ್ನ ಹಲ್ಲ. ಗಾಡಿ ಹತ್ತಿ ಬೆನ್ನಟ್ಟಿ ತಂದು, ಬೆಕ್ಕು ಒಯ್ದಿತ್ತು, ಕಸಗೊಂಡು ಬಂದೆ ಅಂದ. ಬೆಕ್ಕಿನ ಬಾಯಾಗಿಂದ ಬಂದ ಹಲ್ಲಿಗಿ ಬಸ್ಸಿನ ಟಿಕೀಟ ಯಾಕ ಅಂಟಿರ್ತೈತ್ರಿ?"

"ಮತ್ತ ಇಷ್ಟೊತ್ತು ಯಾಕ ಸುಮ್ಮನಿದ್ರಿ ಅಮ್ಮಾ?" ಎಂದ ಅರುಣಕುಮಾರ.

"ಅಂವ ಇದ್ದಿದ್ರ ಸುಮ್ಮನ ಕುಂದರ್ತಿದ್ದ. ಇನ್ನೂ ನಾಕ ಮಂದಿ ಒಪ್ಪಗೊಳ್ಳಲಿ ಅಂತಿದ್ದ."

ಶಿವಶರಣಪ್ಪನ ದನಿ ಸಣ್ಣದಾಯಿತು. "ನನಗ ಕಣ್ಣು ಹೊಡದದ್ದಂತೂ ಖರೆ ಐತ್ರಿ."

"ಆ ಕಣ್ಣು ಸಣ್ಣಂವ ಇದ್ದಾಗಿಂದ ಅಂವಗ ತಾನ ಅದರ್ತಿತ್ತಪಾ. ನಿಕಾದಾಗ ಖಾಜಿಗೂ ಹೊಡದಿದ್ದ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಮುಂದಿನ ಸಾಲಿಗೆ ಹತ್ತಿತು, ಪಕ್ಕಕ್ಕೆ ಹತ್ತಿತು. ಕಂಬಗಳೂ ಅಲ್ಲಾಡುವ ಹಾಗೆ ಜನ ನಕ್ಕರು. ನಾಲ್ಕು ದಿನದಿಂದ ಅತ್ತವರು ಕುರ್ಚಿಯಿಂದ ಬಿದ್ದು ನಕ್ಕರು. ಕೋಟು ಫೋಟೋದ ಮೇಲೆ ಹೋಯಿತು. ಹಾರವನ್ನೂ ಬಿಚ್ಚಿಕೊಂಡು ಹೋದರು. ಶಿವಶರಣಪ್ಪನಿಗೆ ಉಳಿದದ್ದು ಮೈಕು ಒಂದೇ.

ನಗು ಒಮ್ಮೆಲೇ ನಿಂತಿತು. ರುದ್ರವ್ವ ಊರುಗೋಲು ಊರುತ್ತ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು. ಓಣಿಯ ಹೆಂಗಸರು ಅಭ್ಯಾಸಬಲದಿಂದ ಎದ್ದು ಕೈಮುಗಿದರು. ಅವಳು ಅಳಿಯನ ಎದುರು ನಿಂತು, ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ಹಲ್ಲು ಗಟ್ಟಿಯಾಗಿದೆಯೇ ಎಂದು ನೋಡಿಕೊಂಡಳು. ಶಿವಶರಣಪ್ಪ ಮೈಕು ಬಂದ್ ಮಾಡಲು ಬೆರಳು ಒತ್ತಿದ. ಬೆವರಿಗೆ ಬೆರಳು ಜಾರಿತು.

"ಮಂಗ್ಯಾ ಒಯ್ತಂದಿದ್ದೆಲ್ಲೋ, ಮಂಗ್ಯಾನ ಮಾರ್ಯಾಂವ."

ಅಲ್ಲಿಂದ ಶುರುವಾಯಿತು. ಏಳೆಂಟು ವರ್ಷ ಗಾಳಿಯಾಗಿ ಹೋಗುತ್ತಿದ್ದ ಮಾತುಗಳೆಲ್ಲ ಒಂದಕ್ಷರವೂ ಸವೆಯದೆ, ಕಡಕ್ ರೊಟ್ಟಿ ಮುರಿದ ಹಾಗೆ ಹೊರಬಂದವು. ಅವನ ಹುಟ್ಟು, ಅವನ ತಾತ, ಅವನ ಪೆಂಡಾಲು, ಯಾವುದನ್ನೂ ಅವಳು ಬಿಡಲಿಲ್ಲ. ಸಂತೆಯ ಆ ತುದಿಯವರೆಗೂ ಕೇಳಲೆಂದು ಅವನೇ ಕಟ್ಟಿದ್ದ ಸ್ಪೀಕರುಗಳು ಸಂತೆಯ ಆ ತುದಿಯವರೆಗೂ ಕೇಳಿಸಿದವು.

"ಏನಂತಾರ ಅಣ್ಣಾ ಅತ್ತಿಯವರು?" ಎಂದು ಕೆಳಗಿನಿಂದ ಅರುಣಕುಮಾರ ಕೇಳಿದ.

ಶಿವಶರಣಪ್ಪನ ಬಾಯಿ ರೂಢಿಯಂತೆ ತಾನಾಗಿ ತೆರೆಯಿತು. "ಎಲ್ಲಾರಿಗೂ ಒಳ್ಳೇದಾಗಲಿ ಅಂತ…"

"ಇರಲಿ ಬಿಡಪಾ," ಎಂದಳು ಮುಂದಿನ ಸಾಲಿನಲ್ಲಿ ಕೈಮುಗಿದು ನಿಂತಿದ್ದ, ಮಗಳಿಗೆ ಇನ್ನೂ ವರ ಸಿಗದ ಒಬ್ಬ ಹೆಂಗಸು, ಕೈ ಇಳಿಸುತ್ತ. "ಈ ಸಲ ನಮಗ ತಿಳಿಯಾಕತ್ತೈತಿ."